ಆರೋಗ್ಯವಂತರೊಬ್ಬರ ತಪಾಸಣೆ

ಆಕೆಯನ್ನು ದೊಡ್ಡಕ್ಕ ಎಂದು ಮೊದಲು ಕರೆದವರು ಆಪರೇಷನ್ ಥಿಯೇಟರಿನ ಕಿರಿಯ ನರ್ಸುಗಳು. ಆಮೇಲೆ ವಾರ್ಡಿನವರು, ಲಿಫ್ಟಿನವರು, ಕಡೆಗೆ ಡಾಕ್ಟರುಗಳೂ ಹಾಗೇ ಕರೆಯತೊಡಗಿದರು. ಡಿಪ್ಲೊಮಾ ಮುಗಿಸಿದ ವರ್ಷವೇ ಆ ಆಸ್ಪತ್ರೆ ಸೇರಿದವಳು, ಕಿವಿಯ ಪಕ್ಕದ ಕೂದಲು ನರೆಯುವ ತನಕ ಅಲ್ಲೇ ಉಳಿದಳು. ಸರ್ಜನ್ ಕಣ್ಣೆತ್ತದೆ ಕೈ ಚಾಚಿದರೆ ಸಾಕು, ಬೇಕಾದ ಉಪಕರಣ ಅವರ ಅಂಗೈಗೆ ಬಂದು ಕೂರುತ್ತಿತ್ತು. ರೋಗಿಗಳನ್ನು ಮಾತ್ರ ಆಕೆ ಕಂಡದ್ದು ಹೆಚ್ಚಾಗಿ ಅರಿವಳಿಕೆಯ ನಿದ್ದೆಯಲ್ಲೇ. ಹಸಿರು ಬಟ್ಟೆಗಳ ನಡುವೆ ಕಾಣುವ ಅಂಗೈಯಗಲದ ಚರ್ಮವೇ ಆಕೆಗೆ ಮನುಷ್ಯ.

ಆಕೆಯ ಅತ್ತೆ ಅಕ್ಕಪಕ್ಕದವರ ಹತ್ತಿರ, "ನನ್ನ ಸೊಸೆ ಥಿಯೇಟರಲ್ಲಿ ಕೆಲಸ ಮಾಡ್ತಾಳೆ" ಎಂದಷ್ಟೇ ಹೇಳಿ ಸುಮ್ಮನಾಗಿಬಿಡುತ್ತಿದ್ದರು. ಕೆಳಗಿನ ಮನೆಗೆ ಹೊಸದಾಗಿ ಬಂದ ಹೆಂಗಸು ಒಂದು ದಿನ ಮೆಟ್ಟಿಲಲ್ಲಿ ದೊಡ್ಡಕ್ಕನನ್ನು ನಿಲ್ಲಿಸಿ, "ಭಾನುವಾರದ ಆಟಕ್ಕೆ ಎರಡು ಟಿಕೆಟ್ ಸಿಗುತ್ತಾ?" ಎಂದು ಕೇಳಿದ್ದಳು. ಅತ್ತೆ ಬಾಗಿಲ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು.

ಎಲ್ಲ ನೆಟ್ಟಗೇ ಇತ್ತು. ಮುಖ್ಯ ನರ್ಸ್ ನಿವೃತ್ತಿಯಾದ ಮೇಲೆ ಆ ಕೆಲಸವನ್ನು ದೊಡ್ಡಕ್ಕನೇ ನೋಡಿಕೊಳ್ಳುತ್ತಿದ್ದಳು, ಹೆಸರು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಆಡಳಿತದವರು ಒಂದು ನಿಯಮ ತಂದರು: ಇನ್ನು ಮುಖ್ಯ ನರ್ಸ್ ಆಗುವವರಿಗೆ ಪದವಿ ಇರಲೇಬೇಕು, ಡಿಪ್ಲೊಮಾ ಸಾಲದು. ಕೆಲಸದಲ್ಲಿದ್ದುಕೊಂಡೇ ಪದವಿ ಮುಗಿಸುವುದಕ್ಕೆಂದು ನರ್ಸಿಂಗ್ ಕಾಲೇಜಿನಲ್ಲಿ ಒಂದು ಕೋರ್ಸಿದೆ, ವಾರದ ರಜೆಯ ದಿನ ಪಾಠ, ಉಳಿದದ್ದು ಮೊಬೈಲಿನಲ್ಲಿ.

"ಈ ವಯಸ್ಸಲ್ಲಿ ನನಗ್ಯಾಕೆ ಅತ್ತೆ ಇದೆಲ್ಲ?" ಎಂದಳು ದೊಡ್ಡಕ್ಕ.

"ವಯಸ್ಸಾಗಿರೋದು ಯಾರಿಗೆ, ನಿನಗಾ ನನಗಾ? ಅಡುಗೆಮನೆ ನಾನು ನೋಡ್ಕೊತೀನಿ, ನೀನು ಹೋಗಿ ಓದು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತಾರೆ. ಮುಕ್ಕಾಲು ನಿನ್ನ ಹತ್ರ ಇದೆ. ಉಳಿದ ಕಾಲು ತಗೊಂಬಾ."

ಗಂಡ ತಲೆಯಾಡಿಸಿದ. ಆತ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು, ಮಾತು ಕಡಿಮೆ. ಅಮ್ಮ ಇಬ್ಬರ ಪಾಲಿನದನ್ನೂ ಆಡುತ್ತಿದ್ದುದರಿಂದ ಮಾತಾಡುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ.

ಹೀಗೆ ದೊಡ್ಡಕ್ಕ ಕಾಲೇಜಿನ ಬೆಂಚಿನ ಮೇಲೆ ಕೂತಳು. ಪಾಠ ಹೇಳುವ ಟೀಚರ್ ಆಕೆಗಿಂತ ಬಹಳ ಚಿಕ್ಕವಳು, ಆದರೆ ಒಳ್ಳೆಯವಳು. ಹಿರಿಯರ ಉತ್ತರ ತಪ್ಪಾದರೆ ತನ್ನದೇ ತಪ್ಪೆನ್ನುವ ಹಾಗೆ ನಾಚಿಕೊಳ್ಳುತ್ತಿದ್ದಳು. ಮೊದಲ ಅರ್ಧವರ್ಷದಲ್ಲಿ ದೊಡ್ಡಕ್ಕನಿಗೆ ಕಷ್ಟವಾದದ್ದು ಒಂದೇ ವಿಷಯ, ಆರೋಗ್ಯ ತಪಾಸಣೆ. ಎಚ್ಚರವಿರುವ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಮಾತಾಡಿಸುತ್ತ, ತಲೆಯಿಂದ ಕಾಲಿನ ತನಕ ಮುಟ್ಟಿ ನೋಡಬೇಕು. ಮಾತಾಡುವ ರೋಗಿಯ ಅಭ್ಯಾಸ ಆಕೆಗೆ ತಪ್ಪಿಹೋಗಿತ್ತು.

"ಆರೋಗ್ಯವಂತ ವಯಸ್ಕರೊಬ್ಬರ ಪೂರ್ತಿ ತಪಾಸಣೆ ಮಾಡಿ ಬರ್ಕೊಂಡು ಬನ್ನಿ. ಮನೆಯವರಾದ್ರೂ ಪರವಾಗಿಲ್ಲ. ಸರಿಯಾಗಿರೋದು ಹೇಗಿರುತ್ತೆ ಅಂತ ಕೈಗೆ ಮೊದಲು ಗೊತ್ತಾಗ್ಬೇಕು, ಅದಕ್ಕೇ ಇದು" ಎಂದಳು ಟೀಚರ್.

ಮನೆಯಲ್ಲಿ ಈ ಸುದ್ದಿ ಹೇಳಿದ್ದೇ ತಡ, ಅತ್ತೆ ಕೈಯೊರೆಸಿಕೊಂಡು ಎದ್ದರು.

"ಆರೋಗ್ಯವಂತರು ಬೇಕಂತಾ? ನನ್ನ ಬಿಟ್ರೆ ಈ ಮನೇಲಿ ಬೇರೆ ಯಾರಿದಾರೆ? ಇವನಿಗೆ ಗೊರಕೆ, ನಿನಗೆ ಸೊಂಟನೋವು. ನಾನೇ ಮಲಗ್ತೀನಿ. ನೋಡು, ಎಷ್ಟು ಬೇಕಾದ್ರೂ ನೋಡು."

ಅದೊಂದು ರಜೆಯ ಮಧ್ಯಾಹ್ನ. ಕಿಟಕಿಯ ಪರದೆ ಎಳೆದು ಅತ್ತೆಯನ್ನು ಮಂಚದ ಅಂಚಿಗೆ ಕೂರಿಸಿ ದೊಡ್ಡಕ್ಕ ಶುರುಮಾಡಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ಚಾಚಿಸಿದಳು, ಕತ್ತು ಸವರಿದಳು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು "ಜೋರಾಗಿ ಉಸಿರು ಎಳ್ಕೊಳ್ಳಿ" ಎಂದಳು.

"ಏನು ಕೇಳಿಸ್ತು?"

"ಸುಮ್ನಿರಿ ಅತ್ತೆ. ಮಾತಾಡಿದ್ರೆ ಬರೀ ನಿಮ್ಮ ಮಾತೇ ಕೇಳಿಸುತ್ತೆ."

"ಒಳಗೂ ಅದೇ ಇರೋದು ಕಣೇ, ಬೇರೇನಿರುತ್ತೆ?"

ಮಂಡಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದಾಗ ಅತ್ತೆಯ ಕಾಲು ಚಿಮ್ಮಿ ದೊಡ್ಡಕ್ಕನ ಮೊಣಕೈಗೆ ಬಡಿಯಿತು. "ಇಷ್ಟು ವರ್ಷ ಒದೀಬೇಕು ಅಂದ್ಕೊಂಡಿದ್ದೆ, ನೆಪ ಸಿಕ್ಕಿರ್ಲಿಲ್ಲ" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. ದೊಡ್ಡಕ್ಕನೂ ನಕ್ಕಳು. ಆಮೇಲೆ ಅವರನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿಸಿ, ಹೊಟ್ಟೆಯ ಮೇಲೆ ಕೈಯಿಟ್ಟಳು.

ಬಲಗಡೆ ಮೆತ್ತಗಿತ್ತು. ಎಡಗಡೆಯೂ ಸರಿ. ಹೊಕ್ಕಳಿಗಿಂತ ಸ್ವಲ್ಪ ಮೇಲೆ ಬಂದಾಗ ಬೆರಳುಗಳಿಗೆ ಏನೋ ಬಡಿಯಿತು. ತೆಳ್ಳಗಿರುವವರ ಹೊಟ್ಟೆಯಲ್ಲಿ ನಾಡಿ ಸಿಗುವುದುಂಟು ಎಂದುಕೊಂಡು ಎರಡೂ ಕೈಗಳನ್ನು ಅಕ್ಕಪಕ್ಕಕ್ಕಿಟ್ಟು ಹಗುರವಾಗಿ ಅದುಮಿದಳು. ಒಂದು ಮುಷ್ಟಿಯಷ್ಟು ದಪ್ಪಗಿನದೇನೋ ಅಲ್ಲಿತ್ತು. ಎದೆಬಡಿತಕ್ಕೆ ಸರಿಯಾಗಿ ಉಬ್ಬುತ್ತಿತ್ತು. ಉಬ್ಬಿದಾಗಲೆಲ್ಲ ಎರಡು ಕೈಗಳನ್ನೂ ಎರಡು ಕಡೆಗೆ ದೂಡುತ್ತಿತ್ತು. ಇದನ್ನು ಆಕೆ ಒಳಗಿನಿಂದ ಎಷ್ಟೋ ಸಲ ನೋಡಿದ್ದಳು, ಥಿಯೇಟರಿನ ದೀಪದ ಕೆಳಗೆ. ಹೊರಗಿನಿಂದ ಮುಟ್ಟಿದ್ದು ಇದೇ ಮೊದಲು. ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಒಂದು ಕಡೆ ತೆಳ್ಳಗಾಗಿ ಬಲೂನಿನ ಹಾಗೆ ಊದಿಕೊಂಡಿದೆ.

"ಯಾಕೆ, ಕೈ ಅಲ್ಲೇ ನಿಂತುಬಿಡ್ತು?"

"ಏನಿಲ್ಲ ಅತ್ತೆ."

"ಏನಿಲ್ಲ ಅಂದ್ರೆ ಮುಖ ಯಾಕೆ ಹಾಗಾಯ್ತು? ನಿಮ್ಮ ಥಿಯೇಟರಲ್ಲಿ ಮುಖಕ್ಕೆ ಬಟ್ಟೆ ಕಟ್ಕೊಂಡಿರ್ತೀಯ, ಅಲ್ಲಿ ನಡೆಯುತ್ತೆ. ಇಲ್ಲಿ ನಡೆಯಲ್ಲ."

ದೊಡ್ಡಕ್ಕ ಅವರನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿದಳು. ಮರುದಿನವೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನ್ ಮಾಡುವ ಹುಡುಗಿ ಪರದೆಯನ್ನು ನೋಡಿ, ದೊಡ್ಡಕ್ಕನನ್ನು ನೋಡಿ, ಮತ್ತೆ ಪರದೆಯ ಕಡೆ ತಿರುಗಿದಳು.

ಹಿರಿಯ ಸರ್ಜನ್ ತಮ್ಮ ಕೋಣೆಗೆ ಮೂವರನ್ನೂ ಕರೆದು ಕೂರಿಸಿದರು. ಅವರ ಎದುರು ದೊಡ್ಡಕ್ಕ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲಿರಬೇಕು. ಊತ ದೊಡ್ಡದಾಗಿದೆ, ಕಿಡ್ನಿಯ ನಾಳಗಳ ಹತ್ತಿರದ ತನಕ ಏರಿದೆ, ಆದ್ದರಿಂದ ತೊಡೆಯಿಂದ ಕೊಳವೆ ತೂರಿಸಿ ಸರಿಮಾಡುವ ಸುಲಭದ ದಾರಿ ಇಲ್ಲ, ಹೊಟ್ಟೆ ತೆರೆದೇ ಮಾಡಬೇಕು ಎಂದರು. ಬಿಟ್ಟರೆ ಒಡೆಯಬಹುದು. ನಾಳೆಯೇ ಒಡೆಯಬಹುದು, ವರ್ಷಗಟ್ಟಲೆ ಹಾಗೇ ಇದ್ದೂ ಇರಬಹುದು. ಆಪರೇಷನ್ನಿನಲ್ಲಿ ಜೀವಕ್ಕೆ ಅಪಾಯವಿದೆ, ಕಿಡ್ನಿಗೂ ಇದೆ, ತೀರಾ ಅಪರೂಪಕ್ಕೆ ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲುಗಳ ಶಕ್ತಿ ಹೋಗುವುದೂ ಉಂಟು.

"ಹಾಗಾದ್ರೆ ಏನ್ ಮಾಡೋದು ಡಾಕ್ಟ್ರೇ?" ಎಂದ ಗಂಡ.

"ನಿರ್ಧಾರ ನೀವೇ ಮಾಡ್ಬೇಕು. ಎರಡರಲ್ಲೂ ಅಪಾಯ ಇದೆ."

ಹೊರಗೆ ಬಂದ ಮೇಲೆ ಅತ್ತೆ, "ಒಳ್ಳೆ ಡಾಕ್ಟ್ರು. ಅಡ್ಡಗೋಡೆ ಮೇಲೆ ದೀಪ ಇಟ್ಟು ಎದ್ದುಹೋದ್ರು" ಎಂದರು. ಆದರೆ ಧ್ವನಿಯಲ್ಲಿ ನಗು ಇರಲಿಲ್ಲ.

ಅಂದಿನಿಂದ ಮನೆಯ ಚಹರೆಯೇ ಬದಲಾಯಿತು. ಅತ್ತೆ ಬಕೆಟ್ ಎತ್ತಲು ಬಗ್ಗಿದರೆ ಮಗ ಓಡಿಬಂದು ಕಸಿದುಕೊಳ್ಳುತ್ತಿದ್ದ. ಕೆಮ್ಮಿದರೆ ಇಬ್ಬರೂ ತಿರುಗಿ ನೋಡುತ್ತಿದ್ದರು. ನಡೆಯುವಾಗ ಅವರು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿರತೊಡಗಿದರು, ಒಳಗೆ ಮೊಟ್ಟೆ ಹೊತ್ತುಕೊಂಡವರಂತೆ. ಮಾತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಗೊತ್ತಿಲ್ಲದಾಗ ಊಟ ಮಾಡಿ, ಮೆಟ್ಟಿಲಿಳಿದು, ಪಕ್ಕದ ಬೀದಿಯ ತನಕ ಹೋಗಿ ಜಗಳವಾಡಿ ಬರುತ್ತಿದ್ದ ಹೆಂಗಸು, ಗೊತ್ತಾದ ಮೇಲೆ ಕುರ್ಚಿ ಬಿಟ್ಟು ಏಳುವುದಕ್ಕೂ ಹೆದರಿದರು.

ಒಂದು ಸಂಜೆ ಚಹಾದ ಲೋಟ ಮುಂದಿಟ್ಟುಕೊಂಡು ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು.

"ಅವನನ್ನ ಕೇಳಿದ್ರೆ ನಿನ್ನಿಷ್ಟ ಅಮ್ಮ ಅಂತಾನೆ. ಡಾಕ್ಟ್ರು ನಿಮ್ಮಿಷ್ಟ ಅಂತಾರೆ. ನನಗೇನು ಗೊತ್ತು, ಒಳಗಿರೋದನ್ನ ನಾನೇನು ಕಂಡಿದೀನಾ? ನೀನು ಕಂಡಿದೀಯ. ನಿನ್ನ ಸ್ವಂತ ಅಮ್ಮ ಆಗಿದ್ರೆ ಏನು ಮಾಡ್ತಿದ್ದೆ, ಅದನ್ನ ಹೇಳು. ಹಾಗೇ ಮಾಡೋಣ."

ಆ ನಾಳ ಒಡೆದು ಬಂದವರು ದೊಡ್ಡಕ್ಕನ ಕಣ್ಣ ಮುಂದೆ ಬಂದರು. ಟ್ರಾಲಿಯಲ್ಲಿ ಓಡಿಸಿಕೊಂಡು ತರುತ್ತಿದ್ದರು, ಮುಖ ಕಾಗದದಂತೆ ಬಿಳಚಿಕೊಂಡಿರುತ್ತಿತ್ತು, ಹೊಟ್ಟೆ ತೆರೆದರೆ ರಕ್ತ ಹೀರುವ ಯಂತ್ರಕ್ಕೂ ಸಾಕಾಗುತ್ತಿರಲಿಲ್ಲ. ಹೆಚ್ಚಿನವರು ಮೇಜಿನ ಮೇಲೇ ಹೋಗಿದ್ದರು. ಆಪರೇಷನ್ ಮಾಡಿಸಿಕೊಂಡು ಚೆನ್ನಾದವರೂ ಇರಲೇಬೇಕು. ಆದರೆ ಅವರು ಥಿಯೇಟರಿನ ಬಾಗಿಲು ದಾಟಿದ ಮೇಲೆ ಏನಾದರು ಎಂದು ನೋಡುವ ಕೆಲಸ ಆಕೆಯದಾಗಿರಲಿಲ್ಲ.

"ನನ್ನಮ್ಮ ಆಗಿದ್ರೆ ಮಾಡಿಸ್ತಿದ್ದೆ" ಎಂದಳು.

"ಸರಿ, ಹಾಗಾದ್ರೆ ಮುಗೀತು" ಎಂದು ಅತ್ತೆ ಚಹಾ ಕುಡಿದರು.

ಆಪರೇಷನ್ನಿನ ದಿನ ದೊಡ್ಡಕ್ಕ ಒಳಗೆ ಹೋಗುವ ಹಾಗಿರಲಿಲ್ಲ. ಮೇಜಿನ ಮೇಲಿರುವುದು ಮನೆಯವರಾದರೆ ನರ್ಸಿನ ಕೈ ಹಿಡಿತದಲ್ಲಿರುವುದಿಲ್ಲ ಎಂದು ಸರ್ಜನ್ ಮೊದಲೇ ಹೇಳಿದ್ದರು, ಅದು ನಿಜವೂ ಹೌದು. ಗಂಡನ ಜೊತೆ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಅಷ್ಟು ವರ್ಷ ಅದರ ಮುಂದೆ ನಡೆದಾಡಿದ್ದಳು, ಆ ಬೆಂಚು ಅಷ್ಟು ಇಕ್ಕಟ್ಟೆಂದು ಗೊತ್ತಿರಲಿಲ್ಲ. ಒಳಗೆ ಈಗ ಏನು ನಡೆಯುತ್ತಿದೆ ಎಂದು ಹೆಜ್ಜೆ ಹೆಜ್ಜೆಯಾಗಿ ಗೊತ್ತಿತ್ತು, ಅದೇ ಕಷ್ಟ. ಈಗ ನಾಳಕ್ಕೆ ರಕ್ತ ತಡೆಯುವ ಕ್ಲ್ಯಾಂಪ್ ಹಾಕಿರುತ್ತಾರೆ, ಇಷ್ಟು ಹೊತ್ತಿಗೆ ಹೊಲಿಗೆ ಮುಗಿಯಬೇಕಿತ್ತು, ಈಗ ಕ್ಲ್ಯಾಂಪ್ ತೆಗೆಯಬೇಕಿತ್ತು. ಒಬ್ಬ ಕಿರಿಯ ನರ್ಸ್ ರಕ್ತದ ಚೀಲಗಳನ್ನು ತೆಗೆದುಕೊಂಡು ಓಡುತ್ತ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಓಡಿದಳು. ಎರಡನೆಯ ಸಲ ಆ ಹುಡುಗಿ ದೊಡ್ಡಕ್ಕನ ಕಡೆ ನೋಡಲಿಲ್ಲ.

"ಎಲ್ಲ ಸರಿಯಾಗಿ ನಡೀತಿದೆಯಾ?" ಎಂದು ಗಂಡ ಕೇಳಿದ.

"ನಡೀತಿದೆ" ಎಂದಳು. ಬೇರೆ ಏನು ಹೇಳುವುದು?

ಅತ್ತೆ ಬದುಕಿದರು. ಸರ್ಜನ್ ಹೊರಬಂದು, ಕಷ್ಟವಾಯಿತು, ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ರಕ್ತ ತಡೆಹಿಡಿಯಬೇಕಾಯಿತು, ಆದರೆ ಪಾರಾದರು ಎಂದರು. ಗಂಡ ಅವರ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ. ಮರುದಿನ ಐಸಿಯುನಲ್ಲಿ ಅತ್ತೆ ಕಣ್ಣು ತೆರೆದು, ಗಂಟಲಿನ ಕೊಳವೆ ತೆಗೆದ ಮೇಲೆ ಮೊದಲು ಆಡಿದ ಮಾತು: "ಕಾಲಿನ ಮೇಲಿಂದ ಭಾರ ತೆಗೀರಿ."

ಕಾಲಿನ ಮೇಲೆ ಒಂದು ತೆಳುವಾದ ಹೊದಿಕೆ ಬಿಟ್ಟರೆ ಏನೂ ಇರಲಿಲ್ಲ.

ದೊಡ್ಡಕ್ಕ ಹೊದಿಕೆಯ ಕೆಳಗೆ ಕೈಹಾಕಿ ಅವರ ಕಾಲಿನ ಹೆಬ್ಬೆರಳನ್ನು ಚಿವುಟಿದಳು. ಅತ್ತೆ ಆಕೆಯ ಮುಖವನ್ನೇ ನೋಡುತ್ತಿದ್ದರು. ಇನ್ನೂ ಜೋರಾಗಿ ಚಿವುಟಿದಳು. "ತೆಗೀ ಅಂದ್ನಲ್ಲ" ಎಂದರು ಅತ್ತೆ.

ಏನೇನೋ ಮಾಡಿದರು. ಬೆನ್ನುಹುರಿಗೆ ರಕ್ತ ಹರಿಯಲೆಂದು ಬೆನ್ನಿನಿಂದ ನೀರು ತೆಗೆದರು, ರಕ್ತದೊತ್ತಡ ಏರಿಸಿ ನೋಡಿದರು, ವ್ಯಾಯಾಮ ಮಾಡಿಸುವವರು ಬಂದು ದಿನಾ ಕಾಲು ಮಡಿಸಿ ಬಿಡಿಸಿದರು. ಕಾಲು ಬರಲಿಲ್ಲ. ಸೊಂಟದ ಕೆಳಗೆ ಅತ್ತೆಗೆ ಏನೂ ತಿಳಿಯುತ್ತಿರಲಿಲ್ಲ, ಮೂತ್ರ ಹೋದದ್ದೂ ಕೂಡ. ಸರ್ಜನ್ ದೊಡ್ಡಕ್ಕನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಮಾಡದೇ ಇದ್ದಿದ್ರೆ ಇಷ್ಟು ಹೊತ್ತಿಗೆ ಅವರು ಇರ್ತಾನೇ ಇರ್ಲಿಲ್ವೇನೋ" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ದೊಡ್ಡಕ್ಕ ಆ 'ಏನೋ' ಒಂದನ್ನೇ ಕಟ್ಟಿಕೊಂಡು ಮನೆಗೆ ಬಂದಳು.

ಮನೆಯ ಮುಂದಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ ಬಂತು. ನೋಡಲು ಬಂದವರಿಗೆಲ್ಲ ಗಂಡ ಒಂದೇ ರೀತಿಯಲ್ಲಿ ಹೇಳುತ್ತಿದ್ದ: "ಅಮ್ಮ ಚೆನ್ನಾಗಿದ್ಲು. ಏನೂ ಇರ್ಲಿಲ್ಲ. ಇವಳ ಓದಿಗೆ ಅಂತ ಹೊಟ್ಟೆ ಒತ್ತಿ ನೋಡ್ದಾಗ ಗೊತ್ತಾಯ್ತು, ಆಮೇಲೆ ಆಪರೇಷನ್ ಆಯ್ತು, ಕಾಲು ಹೋಯ್ತು." ಅದರಲ್ಲಿ ಸುಳ್ಳಿರಲಿಲ್ಲ, ಬೈಗುಳವೂ ಇರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತಿದ್ದ. ದೊಡ್ಡಕ್ಕ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೆಳಗಿನ ಮನೆಯ ಹೆಂಗಸು ಒಂದು ದಿನ ಎದ್ದು ಹೋಗುವಾಗ, "ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು ನಿಮ್ಮದು" ಎಂದಳು. ಗಂಡ ಅವಳನ್ನು ಮೆಟ್ಟಿಲ ತನಕ ಬಿಟ್ಟು ಬಂದ.

ಒಂದು ಸಲ ಆಕೆ ತಡೆಯಲಾರದೆ ಕೇಳಿದಳು. "ನಾನು ಬೇಡ ಅನ್ಬೇಕಿತ್ತಾ?"

"ನನಗೇನು ಗೊತ್ತು?" ಎಂದ ಗಂಡ. "ನಿನಗೆ ಗೊತ್ತು ಅಂತ ತಾನೇ ಕೇಳಿದ್ದು."

ಕಾಲೇಜಿಗೆ ಹೋಗುವುದನ್ನು ಬಿಟ್ಟುಬಿಡೋಣವೆಂದುಕೊಂಡಳು. ಆದರೆ ಬಿಟ್ಟರೆ ಕಾಲು ಬರುತ್ತದೆಯೇ? ಹೋದಳು. ತಪಾಸಣೆಯ ದಾಖಲೆಯನ್ನು ನಡೆದ ಹಾಗೇ ಬರೆದು ಕೊಟ್ಟಿದ್ದಳು. ಟೀಚರ್ ಅದನ್ನು ಓದಿ, ಕೋಣೆಯ ಬಾಗಿಲು ಮುಂದೆ ಮಾಡಿ, ಪೆನ್ನು ತಿರುಗಿಸುತ್ತ ಕೂತಳು.

"ತುಂಬಾ ಚೆನ್ನಾಗಿ ಬರೆದಿದೀರ. ಆದ್ರೆ..."

"ಆದ್ರೆ?"

"ಇದು ಆರೋಗ್ಯವಂತರ ದಾಖಲೆ ಆಗೋದಿಲ್ಲ. ಹೊರಗಿನ ಪರೀಕ್ಷಕರು ಒಪ್ಪಲ್ಲ. ಇನ್ನೊಬ್ಬರನ್ನ ನೋಡ್ಬೇಕಾಗುತ್ತೆ. ನನ್ನ ಕೈಲಿ ಇದ್ದಿದ್ರೆ..." ಎನ್ನುವಷ್ಟರಲ್ಲಿ ಆ ಹುಡುಗಿಯ ಕಣ್ಣು ತುಂಬಿ ಬಂತು. ದೊಡ್ಡಕ್ಕನೇ ಆಕೆಯನ್ನು ಸಮಾಧಾನ ಮಾಡಬೇಕಾಯಿತು.

ಥಿಯೇಟರಿನ ಒಬ್ಬ ಕಿರಿಯ ನರ್ಸ್ ಮಲಗಲು ಒಪ್ಪಿದಳು. ವಿಶ್ರಾಂತಿ ಕೋಣೆಯ ಮಂಚದಲ್ಲಿ ದೊಡ್ಡಕ್ಕ ಕಣ್ಣು, ನಾಲಿಗೆ, ಕತ್ತು, ಎದೆ ಎಲ್ಲ ನೋಡಿದಳು. ಹೊಟ್ಟೆಯ ಹತ್ತಿರ ಬಂದಾಗ ಕೈ ಬಟ್ಟೆಯ ಮೇಲೇ ನಿಂತಿತು. "ಕಚಗುಳಿ ಆಗಲ್ಲ ಅಕ್ಕಾ, ಒತ್ತಿ" ಎಂದಳು ಹುಡುಗಿ. "ಆಯ್ತು, ಏಳು" ಎಂದು ದೊಡ್ಡಕ್ಕ ಕೈ ಹಿಂದಕ್ಕೆ ತೆಗೆದಳು. 'ಹೊಟ್ಟೆ: ಮೆತ್ತಗಿದೆ, ಅಸಹಜವಾದದ್ದೇನೂ ಇಲ್ಲ' ಎಂದು ಬರೆದಳು. ಅಷ್ಟು ವರ್ಷದ ಕೆಲಸದಲ್ಲಿ ಮಾಡದ್ದನ್ನು ಮಾಡಿದೆ ಎಂದು ಬರೆದದ್ದು ಅದೊಂದೇ. ಅದಕ್ಕೆ ಒಳ್ಳೆಯ ಅಂಕ ಬಂತು.

ಅತ್ತೆ ಆ ತನಕ ಸೊಸೆಗೆ ಒಂದೂ ಮಾತು ಅಂದಿರಲಿಲ್ಲ. ದೊಡ್ಡಕ್ಕ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒರೆಸಿ, ಬಟ್ಟೆ ಬದಲಿಸಿ, ಹುಣ್ಣಾಗದಂತೆ ಮಗ್ಗುಲು ತಿರುಗಿಸಿ ಹೋಗುತ್ತಿದ್ದಳು; ಮಧ್ಯಾಹ್ನ ಗಂಡ ಅಂಗಡಿಯಿಂದ ಬಂದು ಊಟ ಮಾಡಿಸಿ ಹೋಗುತ್ತಿದ್ದ; ಸಂಜೆ ಬಂದ ಕೂಡಲೇ ಆಕೆ ಮತ್ತೆ ತಿರುಗಿಸುತ್ತಿದ್ದಳು. ಅತ್ತೆ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಹಾಗಿರುವಾಗ ಒಂದು ಬೆಳಿಗ್ಗೆ, ಸೊಸೆ ಹೊದಿಕೆ ಸರಿಸಿ ಸೊಂಟದ ಕೆಳಗೆ ಕೈ ತೂರಿಸುತ್ತಿದ್ದಾಗ, ಅತ್ತೆ ತಣ್ಣಗೆ ಹೇಳಿದರು:

"ಕೈ ತೆಗಿ. ಆ ಕೈಯಿಂದ ನನ್ನ ಮುಟ್ಬೇಡ."

"ಅತ್ತೆ, ಮಗ್ಗುಲು..."

"ಅವನು ಮಾಡ್ತಾನೆ. ನೀನು ಮುಟ್ಬೇಡ."

ಮುಂಚೆ ಅತ್ತೆ ಬೈದರೆ ಬೀದಿಗೆಲ್ಲ ಕೇಳಿಸುತ್ತಿತ್ತು, ಮರುಗಳಿಗೆ ಮರೆತೂ ಹೋಗುತ್ತಿತ್ತು. ಇದು ಬೈಗುಳವಾಗಿರಲಿಲ್ಲ. ದೊಡ್ಡಕ್ಕ ಬಾಗಿಲ ಹೊರಗೆ ಬಂದು ನಿಂತಳು. ಗಂಡ ಒಳಗೆ ಹೋಗಿ ಅಮ್ಮನ ತೋಳು ಹಿಡಿದು ಎಳೆದ.

"ತೋಳು ಎಳೀಬೇಡಿ" ಎಂದಳು ಹೊರಗಿನಿಂದಲೇ. "ಭುಜದ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ. ಮಂಡಿ ಮೊದಲು ಮಡಿಸಿ. ಈಗ ನಿಮ್ಮ ಕಡೆಗೆ ಹೊರಳಿಸಿ. ಕಾಲಿನ ಮಧ್ಯೆ ದಿಂಬು ಇಡಿ."

ಗಾಜು ಉಜ್ಜುವ ಕೈ, ಒರಟಲ್ಲ. ಆದರೆ ಹೆದರುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಸೊಸೆಯ ಧ್ವನಿ ಕೇಳಿಸಿತೋ ಇಲ್ಲವೋ, ಬೇಡ ಎನ್ನಲಿಲ್ಲ.

ಅಲ್ಲಿಂದ ಮುಂದೆ ಹಾಗೇ ನಡೆಯಿತು. ಬೆಳಿಗ್ಗೆ ಸಂಜೆ ಆಕೆ ಬಾಗಿಲಲ್ಲಿ ನಿಂತು ಹೇಳುವುದು, ಆತ ಒಳಗೆ ಮಾಡುವುದು. ಬಟ್ಟೆ ಮುದುಡಿದ್ದರೆ, ಹಿಮ್ಮಡಿ ಹಾಸಿಗೆಗೆ ಒತ್ತಿದ್ದರೆ ಆಕೆಗೆ ದೂರದಿಂದಲೇ ಕಾಣುತ್ತಿತ್ತು. ಎರಡು ಹೆಜ್ಜೆ ಒಳಗಿಟ್ಟರೆ ಮುಗಿಯುವ ಕೆಲಸಕ್ಕೆ ಹತ್ತು ಮಾತು ಹೇಳಬೇಕಾಗುತ್ತಿತ್ತು. ಆತನಿಗೆ ತಿಳಿಯದಿದ್ದಾಗ ಗಾಳಿಯಲ್ಲೇ ಕೈಯಾಡಿಸಿ ತೋರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರ್ಯಾರದೋ ಹೊಟ್ಟೆಯೊಳಗಿನ ಕೆಲಸಕ್ಕೆ ಆ ಕೈ ಬೇಕಾಗಿತ್ತು, ಮನೆಯಲ್ಲಿ ಹೊಸ್ತಿಲು ದಾಟುವಂತಿರಲಿಲ್ಲ.

ಪದವಿ ಮುಗಿಯಿತು. ಮುಖ್ಯ ನರ್ಸ್ ಎಂಬ ಹೆಸರೂ ಬಂತು. ಕಿರಿಯರೆಲ್ಲ ಸೇರಿ ಕೇಕ್ ಕತ್ತರಿಸಿದರು. ದೊಡ್ಡಕ್ಕ ಒಂದು ತುಂಡನ್ನು ಡಬ್ಬಿಯಲ್ಲಿ ಮನೆಗೆ ತಂದಳು. ಗಂಡ ಅದನ್ನು ಅಮ್ಮನಿಗೆ ತಿನ್ನಿಸಿದ. "ಯಾರದು?" ಎಂದು ಅತ್ತೆ ಕೇಳಿದ್ದು ಹೊರಗೆ ಕೇಳಿಸಿತು. "ಇವಳದು, ಪಾಸಾದ್ಲಲ್ಲ, ಅದಕ್ಕೆ" ಎಂದ. ಅತ್ತೆ ಪೂರ್ತಿ ತಿಂದರು.

ಆಮೇಲೊಂದು ದಿನ ಗಂಡ ಅಂಗಡಿಯಲ್ಲಿದ್ದಾಗ, ದೊಡ್ಡಕ್ಕ ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಅತ್ತೆಯ ಹೊಟ್ಟೆ ಕೆಟ್ಟಿತ್ತು, ಹಾಸಿಗೆಯೆಲ್ಲ ಆಗಿತ್ತು. ಅವರಿಗೆ ಕಾಲಿನ ಕಡೆಯದು ತಿಳಿಯದಿದ್ದರೂ ಮೂಗು ಇತ್ತಲ್ಲ. ದೊಡ್ಡಕ್ಕ ಬಾಗಿಲ ಚೌಕಟ್ಟಿನಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು. ಗಿರಾಕಿಗಳಿದ್ದಾರೆ, ಹೊರಟು ಬರಲು ಹೊತ್ತಾಗುತ್ತದೆ ಎಂದ.

"ಬರ್ತಾರಂತೆ ಅತ್ತೆ, ಸ್ವಲ್ಪ ಹೊತ್ತಾಗುತ್ತಂತೆ" ಎಂದಳು.

ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ನೊಣವೊಂದು ಹೊದಿಕೆಯ ಮೇಲೆ ಕೂತು ಎದ್ದು ಮತ್ತೆ ಕೂತಿತು. ಅದನ್ನು ಓಡಿಸಲು ಅವರು ಕೈಬೀಸಿದರು, ಅದು ಕಾಲಿನ ಕಡೆಗೆ ಹಾರಿಹೋಯಿತು, ಅಲ್ಲಿಗೆ ಅವರ ಕೈ ಎಟುಕಲಿಲ್ಲ.

"ಬಾ" ಎಂದರು, ಮುಖ ತಿರುಗಿಸದೆ.

ದೊಡ್ಡಕ್ಕ ಬಿಸಿನೀರು, ಬಟ್ಟೆ, ಹೊಸ ಹಾಸು ತೆಗೆದುಕೊಂಡು ಒಳಗೆ ಹೋದಳು. ಮಂಡಿ ಮಡಿಸಿ, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು, ತನ್ನ ಕಡೆಗೆ ಹೊರಳಿಸಿಕೊಂಡಳು. ಅತ್ತೆ ಹಗುರವಾಗಿಬಿಟ್ಟಿದ್ದರು. ಕಣ್ಣು ಮುಚ್ಚಿದ್ದರು, ಹಲ್ಲು ಕಚ್ಚಿದ್ದರು. ದೊಡ್ಡಕ್ಕ ಒರೆಸಿದಳು, ಹಾಸು ಎಳೆದು ಬದಲಿಸಿದಳು. ಮುಗಿದ ಮೇಲೆ ಅತ್ತೆ ಮತ್ತೆ ಗೋಡೆಯ ಕಡೆಗೇ ತಿರುಗಿಸು ಎಂದು ಬೆರಳಿನಿಂದ ತೋರಿಸಿದರು. ದೊಡ್ಡಕ್ಕ ತಿರುಗಿಸಿ ಮಲಗಿಸಿ, ಬಕೆಟ್ ಎತ್ತಿಕೊಂಡು ಹೊರಗೆ ಬಂದಳು.